ಮೂರು ಪೆನ್ನುಗಳಲ್ಲಿ ಬರೆದ ಹಾಳೆ

ಹೊಲಿಗೆ ಕಾರ್ಖಾನೆಯ ಆರನೇ ಲೈನಿನ ಕೊನೆಯಲ್ಲಿ ಒಂದು ಬಿಳಿ ಮೇಜು ಇದೆ. ಅದರ ಮೇಲೆ ಟ್ಯೂಬ್‌ಲೈಟನ್ನು ತಲೆಗೆ ತಾಗುವಷ್ಟು ಕೆಳಕ್ಕೆ ಇಳಿಬಿಟ್ಟಿದ್ದಾರೆ. ಹದಿನಾಲ್ಕು ವರ್ಷದಿಂದ ಆ ಮೇಜಿನ ಮುಂದೆ ನಿಂತಿರುವವಳು ಒಬ್ಬಳೇ. ನಲವತ್ತು ಜನ ಸೇರಿ ಹೊಲಿದ ಅಂಗಿ ಕೊನೆಗೆ ಅವಳ ಕೈಗೆ ಬರುತ್ತದೆ. ಕಾಲರಿನಿಂದ ಶುರುಮಾಡಿ ಭುಜ, ತೋಳು, ಪಕ್ಕದ ಹೊಲಿಗೆ, ಕೆಳಗಿನ ಮಡಿಕೆ, ಆಮೇಲೆ ತಿರುವಿ ಹಾಕಿ ಒಳಮೈ. ಒಂದು ಅಂಗಿಗೆ ಒಂದು ನಿಮಿಷವೂ ಹಿಡಿಯುವುದಿಲ್ಲ. ತಪ್ಪು ಕಂಡ ಕಡೆ ಉಗುರಿನಷ್ಟು ಉದ್ದದ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ, ಹೊಲಿದವರ ಕಡೆಗೆ ವಾಪಸು ಎಸೆಯುತ್ತಾಳೆ. ಸರಿಯಿರುವ ಅಂಗಿಗೆ ಏನೂ ಅಂಟಿಸುವುದಿಲ್ಲ. ಅದು ಸುಮ್ಮನೆ ಮುಂದಕ್ಕೆ ಹೋಗುತ್ತದೆ.

ಕಾರ್ಖಾನೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವಳು ‘ಭೂತಗನ್ನಡಿ’. ಆ ಹೆಸರು ಇಟ್ಟವಳು ಪಕ್ಕದಲ್ಲೇ ಕೂತು ಗುಂಡಿಯ ತೂತು ಹೊಲಿಯುವ ಕಾಜಾ ಅಕ್ಕ. “ಇವಳ ಮುಂದೆ ಸತ್ತು ಮಲಗಿದರೂ ಕಷ್ಟ ಕಣ್ರೇ. ಹೆಣ ಸ್ವಲ್ಪ ಸೊಟ್ಟ ಇದೆ ಅಂತ ಬಾಣ ಅಂಟಿಸ್ತಾಳೆ” ಎಂದು ಅವಳು ಹೇಳಿದರೆ ಇಡೀ ಲೈನು ನಗುತ್ತದೆ. ಭೂತಗನ್ನಡಿಗೂ ಒಳಗೊಳಗೆ ಹೆಮ್ಮೆಯೇ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುವವರಿಗೆ ಮಾತ್ರ ಅಂಥ ಹೆಸರು ಬರುವುದು ಎಂದು ಅವಳ ನಂಬಿಕೆ.

ಆ ಕೆಲಸದಲ್ಲಿ ಒಂದು ರೂಢಿ ಇದೆ. ಹೀಗೆ ತಪ್ಪು ಹುಡುಕುವ ಚೆಕ್ಕರ್‌ಗಳು ಗಂಟೆಗೊಮ್ಮೆ ಒಂದು ಶೀಟಿನಲ್ಲಿ ಬರೆಯಬೇಕು: ಎಷ್ಟು ಅಂಗಿ ನೋಡಿದೆ, ಎಷ್ಟು ತಪ್ಪು ಸಿಕ್ಕಿತು, ಯಾವ ತಪ್ಪು. ಆದರೆ ಅಂಗಿಗಳು ಮಳೆಯ ಹಾಗೆ ಬೀಳುತ್ತಿರುವಾಗ ಯಾರು ಬರೆಯುತ್ತಾರೆ? ಹಾಗಾಗಿ ಎಲ್ಲರೂ ಸಂಜೆಯ ಟೀ ಹೊತ್ತಿಗೆ ಕೂತು ಎಂಟು ಗಂಟೆಗಳ ಲೆಕ್ಕವನ್ನು ಒಂದೇ ಉಸಿರಿಗೆ ತುಂಬಿಸುತ್ತಾರೆ. ಒಂದೇ ಸಲ ಬರೆದದ್ದೆಂದು ಗೊತ್ತಾಗಬಾರದು. ಅದಕ್ಕೆ ಭೂತಗನ್ನಡಿ ಮೂರು ಪೆನ್ನು ಇಟ್ಟುಕೊಂಡಿದ್ದಳು. ಒಂದು ನೀಲಿ, ಒಂದು ಕಪ್ಪು, ಇನ್ನೊಂದು ಶಾಯಿ ಕಕ್ಕುವ ಹಳೆಯ ನೀಲಿ. ಬೆಳಗಿನ ಸಾಲುಗಳನ್ನು ನೆಟ್ಟಗೆ ಬರೆದು, ಮಧ್ಯಾಹ್ನದವನ್ನು ಸ್ವಲ್ಪ ವಾಲಿಸಿ, ಕೊನೆಯ ಗಂಟೆಯದನ್ನು ಕೈ ಸೋತವರ ಹಾಗೆ ಗೀಚುತ್ತಿದ್ದಳು. ಅದು ಮೋಸ ಎಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಕೆಲಸ ಸುಳ್ಳಲ್ಲವಲ್ಲ, ಬರಹ ತಡ ಅಷ್ಟೇ.

ಅವಳಿಗೆ ಒಬ್ಬಳೇ ಮಗಳು. ಹತ್ತು ವರ್ಷ.

ಮಗಳಿಗೆ ಕೋಪ ಬಂದರೆ ಅದು ಬರಿಯ ಕೋಪವಾಗಿರುತ್ತಿರಲಿಲ್ಲ. ಪೆನ್ಸಿಲ್ಲಿನ ಮೊನೆ ಮುರಿಯಿತು ಎಂಬಲ್ಲಿಂದ ಶುರುವಾಗಿ ಪುಸ್ತಕ ಹರಿಯುವವರೆಗೆ, ಅಲ್ಲಿಂದ ತನ್ನ ತೋಳನ್ನು ತಾನೇ ಹಲ್ಲು ಮೂಡುವಂತೆ ಕಚ್ಚಿಕೊಳ್ಳುವವರೆಗೆ ಹೋಗುತ್ತಿತ್ತು. ಒಂದು ಗಂಟೆಯಾದ ಮೇಲೆ ಬಾಗಿಲ ಹಿಂದೆ ಕೂತು ಬಿಕ್ಕುತ್ತ, “ನಾನು ಯಾಕೆ ಹೀಗೆ” ಎಂದು ಕೇಳುತ್ತಿದ್ದಳು. ನೆರೆಯವರು ಗೋಡೆ ತಟ್ಟುತ್ತಿದ್ದರು. ಶಾಲೆಯಲ್ಲಿ ಅವಳು ಕುರ್ಚಿ ಎಸೆದ ದಿನ ಟೀಚರು ಒಂದು ಚೀಟಿ ಬರೆದು ಕೊಟ್ಟರು. ಆ ಚೀಟಿ ಹಿಡಿದು ಅಪ್ಪ, ಅಮ್ಮ, ಮಗಳು ಮೂವರೂ ಆಸ್ಪತ್ರೆಯ ಎರಡನೇ ಮಹಡಿಗೆ ಹೋದರು. ಮಗಳ ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಆಸ್ಪತ್ರೆಯ ಲಿಫ್ಟಿನ ಸದ್ದು ಕೇಳಿ, “ಇದರ ಹಗ್ಗ ನೋಡಿ ವರ್ಷವಾಗಿದೆ, ನಡ್ಕೊಂಡೇ ಹೋಗೋಣ” ಎಂದು ಮೆಟ್ಟಿಲು ಹತ್ತಿಸಿದ.

ಅಲ್ಲಿದ್ದ ಮಕ್ಕಳ ಮನಸ್ಸಿನ ಡಾಕ್ಟರ್ ಮೇಡಂ ದಪ್ಪಗಿನ, ನಿಧಾನ ಮಾತಿನ ಹೆಂಗಸು. ಮಗಳ ಜೊತೆ ನೆಲದ ಮೇಲೆ ಕೂತು ಅರ್ಧ ಗಂಟೆ ಮಾತಾಡಿದ ಮೇಲೆ ಅಪ್ಪ ಅಮ್ಮನನ್ನು ಒಳಗೆ ಕರೆದರು.

“ಇವಳ ಮನಸ್ಸು ಬೇಗ ಕಾಯುತ್ತೆ, ನಿಧಾನ ಆರುತ್ತೆ. ದಪ್ಪ ತಳದ ಪಾತ್ರೆ ಇರುತ್ತಲ್ಲ, ಒಲೆ ಆರಿಸಿದ ಮೇಲೂ ಕುದೀತಾನೇ ಇರುತ್ತೆ, ಹಾಗೆ. ಅದು ಅವಳ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಆದ್ರೆ ಚಿಕಿತ್ಸೆ ಇಡೀ ಮನೆಗೆ ಬೇಕು. ಅವಳು ಕಾದಿರುವಾಗ ಬುದ್ಧಿ ಹೇಳಬೇಡಿ. ಮೊದಲು ಅವಳಿಗೆ ಏನಾಗ್ತಿದೆಯೋ ಅದನ್ನ ಬಾಯಲ್ಲಿ ಹೇಳಿ. ‘ನಿನಗೆ ಬೇಜಾರಾಗಿದೆ’, ಅಷ್ಟೇ ಸಾಕು. ಸರಿ ತಪ್ಪು ಆಮೇಲೆ. ಮತ್ತೆ ದಿನಕ್ಕೆ ಮೂರು ಸಲ, ಅವಳು ಚೆನ್ನಾಗಿ ಮಾಡಿದ ಒಂದೊಂದು ಕೆಲಸ ನೋಡಿ, ಅವಳಿಗೆ ಕೇಳೋ ಹಾಗೆ ಹೇಳಿ. ಹೇಳಿದ ಮಾತನ್ನ ಹಾಗೇ ಈ ಹಾಳೆಯಲ್ಲಿ ಬರೀರಿ. ಗುರುವಾರ ಗುರುವಾರ ತನ್ನಿ.”

ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟರು. ದಿನಕ್ಕೆ ಮೂರರಂತೆ ಇಪ್ಪತ್ತೊಂದು ಸಾಲು.

“ಕಾಯಿಲೆ ಅವಳಿಗೆ, ಕಹಿ ಮಾತ್ರೆ ನಮಗೆ” ಎಂದು ಗಂಡ ಮೆಟ್ಟಿಲು ಇಳಿಯುತ್ತ ನಕ್ಕ. ಅವಳು ನಗಲಿಲ್ಲ. ಹಾಳೆಯ ಖಾಲಿ ಸಾಲುಗಳನ್ನು ನೋಡುತ್ತಿದ್ದಳು. ಇದೇನು ಮಹಾ ಅನ್ನಿಸಿತು.

ಮಾರನೆಯ ಸಂಜೆ ಅವಳು ಕೆಲಸದಿಂದ ಬಂದಾಗ ಮಗಳು ಟಿಫಿನ್ ಡಬ್ಬಿಯನ್ನು ಯಾರೂ ಹೇಳದೆ ತೊಳೆದು, ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹೇಳಬೇಕಾದ ಮಾತು ಅಮ್ಮನಿಗೆ ಗೊತ್ತಿತ್ತು. ಬಸ್ಸಿನಲ್ಲಿ ಮನಸ್ಸಿನಲ್ಲೇ ಉರು ಹೊಡೆದುಕೊಂಡೇ ಬಂದಿದ್ದಳು. ಆದರೆ ಡಬ್ಬಿಯನ್ನು ಕೈಗೆ ತೆಗೆದುಕೊಂಡಾಗ ಬೆರಳು ತಾನಾಗಿಯೇ ಅಂಚಿನ ಸುತ್ತ ಹರಿಯಿತು.

“ಮುಚ್ಚಳದ ಸಂದಿಯಲ್ಲಿ ಸೋಪು ಹಾಗೇ ಇದೆ ನೋಡು.”

ಮಗಳು ಕಿತ್ತುಕೊಂಡು ಎಸೆದ ಡಬ್ಬಿ ಗೋಡೆಗೆ ಬಡಿದು ಮೂರು ತುಂಡಾಗಿ ಉರುಳಿತು. ಮಗಳು ಬಾಗಿಲ ಹಿಂದೆ ಸೇರಿಕೊಂಡು ಮುಷ್ಟಿಯಲ್ಲಿ ತನ್ನ ಕೂದಲು ಹಿಡಿದು ಎಳೆದುಕೊಳ್ಳತೊಡಗಿದಳು. ಆಗ ಹೇಳಬೇಕಾದ ಮಾತೂ ಗೊತ್ತಿತ್ತು: ನಿನಗೆ ಬೇಜಾರಾಗಿದೆ. ಎರಡೇ ಪದ. ಆದರೆ ನಾಲಿಗೆ ಹೊರಳಲಿಲ್ಲ. ಹೇಳಿದರೆ ನಾಟಕದವರ ಹಾಗೆ ಕೇಳಿಸೀತು, ಹೇಳದಿದ್ದರೆ ಹೇಗೂ ದಿನ ಕಳೆಯುತ್ತದೆ. ಅವಳು ಸುಮ್ಮನೆ ಬಗ್ಗಿ ಡಬ್ಬಿಯ ತುಂಡು ಆರಿಸಿದಳು.

ವಾರವೆಲ್ಲ ಹೀಗೇ ಆಯಿತು. ಬುಧವಾರದ ಟೀ ಹೊತ್ತಿಗೆ ಹಾಳೆ ಪೂರ್ತಿ ಬೆಳ್ಳಗಿತ್ತು. ಅವಳು ಗಂಟೆಯ ಶೀಟನ್ನು ತುಂಬಿಸಿ ಮುಗಿಸಿ, ಆಸ್ಪತ್ರೆಯ ಹಾಳೆಯನ್ನು ಅದೇ ಮೇಜಿನ ಮೇಲೆ ಹರಡಿ, ಮೂರು ಪೆನ್ನು ತೆಗೆದಳು.

“ಅದೇನೇ, ಎರಡೆರಡು ಶೀಟು? ಓವರ್‌ಟೈಮಾ?” ಎಂದಳು ಕಾಜಾ ಅಕ್ಕ.

“ಮಗಳದು. ಆಸ್ಪತ್ರೆಯದು.”

“ಓ” ಎಂದು ಕಾಜಾ ಅಕ್ಕ ಟೀ ಲೋಟದೊಳಗೆ ನೋಡಿದಳು.

ಬರೆಯಲು ಕೂತರೆ ಅವಳಿಗೇ ಆಶ್ಚರ್ಯವಾಯಿತು. ಬಾಯಿಗೆ ಬಾರದ ಮಾತು ಪೆನ್ನಿಗೆ ಸಲೀಸಾಗಿ ಬಂದಿತು. ‘ನಾನು ಹೇಳದೆಯೇ ನೀನು ಡಬ್ಬಿ ತೊಳೆದಿಟ್ಟೆ, ನನಗೆ ಎಷ್ಟು ಹಗುರಾಯಿತು ಗೊತ್ತಾ.’ ‘ಸಿಟ್ಟು ಬಂದರೂ ಪಕ್ಕದ ಮನೆಯ ಪುಟ್ಟ ಮಗುವನ್ನು ನೋಡಿ ದನಿ ತಗ್ಗಿಸಿದೆಯಲ್ಲ, ಅದನ್ನು ನಾನು ನೋಡಿದೆ.’ ‘ನಿನ್ನ ಚಿತ್ರದ ಬೆಕ್ಕಿನ ಮೀಸೆ ನೋಡಿ ನಗು ಬಂತು.’ ಇಪ್ಪತ್ತೊಂದು ಸಾಲು ಹತ್ತೇ ನಿಮಿಷದಲ್ಲಿ ಮುಗಿಯಿತು. ಶುಕ್ರವಾರದ್ದು ನೀಲಿ, ಭಾನುವಾರದ್ದು ಕಪ್ಪು, ಮಂಗಳವಾರದ್ದು ಶಾಯಿ ಕಕ್ಕುವ ಪೆನ್ನು.

ಮರುದಿನ ಮೇಡಂ ಹಾಳೆ ಓದಿ ಕನ್ನಡಕ ತೆಗೆದರು. “ಅಮ್ಮ, ಇಷ್ಟು ಚೆನ್ನಾಗಿ ಮೊದಲನೇ ವಾರದಲ್ಲೇ ಯಾರೂ ಮಾಡಿದ್ದು ನೋಡಿಲ್ಲ ನಾನು.” ಗಂಡನ ಹಾಳೆಯಲ್ಲಿ ನಾಲ್ಕೇ ಸಾಲಿದ್ದವು. ‘ಸೋಮವಾರ: ಕೂಗಿದೆ. ಮಂಗಳವಾರ: ಕೂಗಲಿಲ್ಲ, ಆದರೆ ಚಪ್ಪಲಿ ಹಾಕಿಕೊಂಡು ಹೊರಗೆ ಹೋಗಿಬಿಟ್ಟೆ.’ ಮೇಡಂ ಅವನ ಜೊತೆಯೇ ಮುಕ್ಕಾಲು ಗಂಟೆ ಕೂತು, ಹೊರಗೆ ಹೋಗುವ ಬದಲು ಏನು ಮಾಡಬಹುದು ಎಂದು ಹೇಳಿಕೊಟ್ಟರು. ಅವಳಿಗೆ ಹೇಳಿಕೊಡುವುದೇನೂ ಉಳಿದಿರಲಿಲ್ಲ.

ದಾರಿಯಲ್ಲಿ ಗಂಡ ಕೇಳಿದ. “ಅದು ಹೆಂಗೆ ಮಾಡ್ತೀಯೆ ನೀನು? ನನಗೆ ಬಾಯೇ ಬರಲ್ಲ.”

“ಮಾಡ್ತಾ ಮಾಡ್ತಾ ಬರುತ್ತೆ ಬಿಡ್ರಿ” ಎಂದಳು. ಹೇಳಿದ ಮೇಲೆ ಅವನ ಮುಖ ನೋಡಲಾಗಲಿಲ್ಲ.

ಈ ವಾರ ನಿಜವಾಗಿ ಹೇಳಿಬಿಟ್ಟರೆ ಹಿಂದಿನದು ಸರಿಹೋಗುತ್ತದೆ ಎಂದು ಅಂದುಕೊಂಡಳು. ಎರಡನೇ ವಾರವೂ ಹಾಗೇ ಹೋಯಿತು, ಮೂರನೆಯದೂ, ನಾಲ್ಕನೆಯದೂ. ಪ್ರತಿ ಗುರುವಾರ ಮೇಡಂ ಅವಳನ್ನು ಹೊಗಳಿದಾಗಲೆಲ್ಲ, ಮುಂದಿನ ವಾರ ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು. ಈಗ ಇದ್ದಕ್ಕಿದ್ದಂತೆ ಹೊಸ ಮಾತು ಆಡಿದರೆ ಮಗಳು ಬೆರಗಾಗುತ್ತಾಳೆ, ಆ ಬೆರಗಿನಲ್ಲೇ ಗುಟ್ಟು ರಟ್ಟಾಗುತ್ತದೆ ಎಂದು ಹೆದರಿದಳು. ಅಪ್ಪನಿಗೆ ಮಾತ್ರ ಅಷ್ಟಿಷ್ಟು ಬರತೊಡಗಿತ್ತು. ಆದರೆ ಅವನು ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ. ಮಗಳ ಸಿಟ್ಟು ಇಳಿಯಲಿಲ್ಲ. ನಾಲ್ಕನೇ ವಾರ ಅವಳು ಕಿಟಕಿಯ ಗಾಜಿಗೆ ಮೊಣಕೈ ಹೊಡೆದು ಐದು ಹೊಲಿಗೆ ಹಾಕಿಸಿಕೊಂಡಳು.

ಐದನೇ ಗುರುವಾರ ಮೇಡಂ ಮೂವರನ್ನೂ ಒಟ್ಟಿಗೆ ಕೂರಿಸಿದರು. ಮೇಜಿನ ಮೇಲೆ ಅವಳ ನಾಲ್ಕೂ ಹಾಳೆಗಳಿದ್ದವು.

“ಸಾಮಾನ್ಯವಾಗಿ ಮಗುವಿಗೆ ಇಳೀದಿದ್ರೆ, ಮನೆಯವರು ಇನ್ನೂ ಸರಿಯಾಗಿ ಮಾಡ್ತಾ ಇಲ್ಲ ಅಂದ್ಕೊಂಡು ನಾವು ಇನ್ನಷ್ಟು ದಿನ ಕಾಯ್ತೀವಿ. ಇಲ್ಲಿ ಹಾಗಲ್ಲ. ಅಮ್ಮ ಇಷ್ಟು ಮಾಡಿದ ಮೇಲೂ ಇವಳಿಗೆ ಇಳೀತಿಲ್ಲ ಅಂದ್ರೆ, ನಾವು ಅಂದುಕೊಂಡಿದ್ದಕ್ಕಿಂತ ಆಳವಾಗಿದೆ ಅಂತ ಅರ್ಥ. ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿದೆ. ಆರು ವಾರ ಇರಬೇಕಾಗುತ್ತೆ. ಮೊದಲ ಎರಡು ವಾರ ಮನೆಯವರು ನೋಡೋ ಹಾಗಿಲ್ಲ.”

ಆಮೇಲೆ ಮಗಳ ಕಡೆ ತಿರುಗಿ, “ಒಂದು ಕೇಳ್ಲಾ? ಭಾನುವಾರ ಅಮ್ಮ ನಿನಗೆ ‘ಕೈಗೆ ಕಟ್ಟಿದ ಪಟ್ಟಿ ನೆನೆಯದ ಹಾಗೆ ಸ್ನಾನ ಮಾಡಿದೆ, ಜಾಣೆ’ ಅಂದ್ರಂತೆ. ಆಗ ನಿನಗೆ ಏನನ್ನಿಸ್ತು?” ಎಂದು ಕೇಳಿದರು.

ಮಗಳು ತಲೆಯೆತ್ತಿ ಅಮ್ಮನನ್ನು ನೋಡಿದಳು. ಆ ಮಾತು ತನ್ನ ಕಿವಿಗೆ ಬಿದ್ದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಮ್ಮನ ಮುಖದಲ್ಲಿ ಏನು ಕಂಡಳೋ. ಕಣ್ಣು ತಿರುಗಿಸಿ ಮೇಡಂಗೆ ಹೇಳಿದಳು.

“ಖುಷಿ ಆಯ್ತು. ಅಮ್ಮ ದಿನಾ ಹೇಳ್ತಾಳೆ. ಅಮ್ಮ ಸರಿಯಾಗೇ ಮಾಡ್ತಾಳೆ. ನಾನೇ ಸರಿ ಇಲ್ಲ.”

ನೆಲ ಬಿರಿದು ತನ್ನನ್ನು ನುಂಗಬಾರದೇ ಎಂದು ಅಮ್ಮನಿಗೆ ಅನ್ನಿಸಿತು. ಆದರೂ ಬಾಯಿ ಬಿಡಲಿಲ್ಲ. ಮೇಡಂ ಪತ್ರ ಬರೆದರು. ಗಂಡ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಮೂವರೂ ಹೊರಗೆ ಬಂದರು.

ಪತ್ರಕ್ಕೆ ಕೆಳಗಿನ ಕೌಂಟರಿನಲ್ಲಿ ಸೀಲು ಹಾಕಿಸಬೇಕಿತ್ತು. ಅಲ್ಲಿ ಏಳೆಂಟು ಜನರ ಸಾಲು. ಮಗಳು ಅಪ್ಪನ ಅಂಗಿಯ ಚುಂಗು ಹಿಡಿದು ನಿಂತಿದ್ದಳು.

“ಅಪ್ಪಾ, ನನ್ನ ದಿಂಬು ತಗೊಂಡು ಹೋಗಬಹುದಾ ಅಲ್ಲಿಗೆ?”

“ಕೇಳೋಣ ಮರಿ.”

“ಸರಿ ಮಾಡೇ ವಾಪಸ್ ಕಳಿಸ್ತಾರಲ್ಲ?”

ಅಪ್ಪ ಎದುರಿಗಿನ ಗೋಡೆಯ ಗಡಿಯಾರ ನೋಡಿದ. ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ಅವರ ಮುಂದೆ ಇನ್ನಿಬ್ಬರಿದ್ದರು, ಆಮೇಲೆ ಒಬ್ಬರು.

“ರೀ, ಸೀಲ್ ಹಾಕಿಸಬೇಡಿ” ಎಂದಳು ಅವಳು.

“ಯಾಕೆ?”

“ಮೇಲೆ ಬನ್ನಿ. ಅಲ್ಲೇ ಹೇಳ್ತೀನಿ. ಇಲ್ಲಿ ಹೇಳೋಕೆ ಹೋದ್ರೆ ಮತ್ತೆ ಹೇಳೋದಿಲ್ಲ ನಾನು.”

ಮೇಡಂ ಮುಂದಿನ ಸರದಿಯವರನ್ನು ಇನ್ನೂ ಕರೆದಿರಲಿಲ್ಲ. ಅವಳು ಕೂರಲಿಲ್ಲ. ನಿಂತೇ ಹೇಳಿದಳು. ಹಾಳೆಯಲ್ಲಿರುವ ಒಂದು ಮಾತನ್ನೂ ತಾನು ಆಡಿಲ್ಲವೆಂದು, ಬುಧವಾರ ಬುಧವಾರ ಕಾರ್ಖಾನೆಯಲ್ಲಿ ಕೂತು ತುಂಬಿಸಿದ್ದೆಂದು, ಮೂರು ಪೆನ್ನಿನ ವಿಷಯವನ್ನೂ ಬಿಡದೆ ಹೇಳಿದಳು. ಹೇಳುವಾಗ ಅವಳ ಕಣ್ಣು ಮೇಜಿನ ಕಾಲಿನ ಮೇಲಿತ್ತು.

ಗಂಡ ಕುರ್ಚಿಯಲ್ಲಿ ಕುಸಿದು ಕೂತ. “ನಾನು ಎಂಥ ಅಪ್ಪ ಅಂತ ಒಂದು ತಿಂಗಳು ಕೊರಗಿದೀನಿ ಕಣೆ” ಎಂದ, ಮೆಲ್ಲಗೆ.

ಮೇಡಂ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದರು. ಅವರ ನಿಧಾನದ ದನಿ ಇನ್ನೂ ನಿಧಾನವಾಯಿತು. “ನಾಲ್ಕು ವಾರ ನಾನು ಈ ಕಾಗದವನ್ನ ನಂಬಿದೆ ಅಮ್ಮ. ಇದನ್ನ ನಂಬಿ ಮಗುವನ್ನ ಅನುಮಾನಿಸಿದೆ. ಇವತ್ತು ಅವಳ ಬಾಯಲ್ಲೇ ‘ನಾನೇ ಸರಿ ಇಲ್ಲ’ ಅಂತ ಹೇಳಿಸಿದೀವಿ, ನಾವಿಬ್ಬರೂ ಸೇರಿ.”

ಅವಳು ತಲೆಯಾಡಿಸಿದಳು. ಇದಕ್ಕಿಂತ ಕೂಗಾಡಿದ್ದರೆ ವಾಸಿಯಿತ್ತು.

ಅಷ್ಟರಲ್ಲಿ ಮಗಳು ಮೇಜಿನ ಹತ್ತಿರ ಬಂದು ಹಾಳೆ ಎಳೆದುಕೊಂಡು ಓದತೊಡಗಿದ್ದಳು. ಅವಳಿಗೆ ಅದನ್ನು ಯಾರೂ ಇದುವರೆಗೆ ತೋರಿಸಿರಲಿಲ್ಲ. ಬೆರಳಿಟ್ಟು ಒಂದೊಂದೇ ಸಾಲು ಓದಿದಳು.

“ಬೆಕ್ಕಿನ ಮೀಸೆ ನಾನು ಬರೆದಿದ್ದೆ” ಎಂದಳು. “ಡಬ್ಬೀನೂ ತೊಳೆದಿದ್ದೆ. ಇದೆಲ್ಲಾ ನಾನು ನಿಜವಾಗ್ಲೂ ಮಾಡಿದ್ದು.”

“ಹ್ಞೂಂ. ನೀನು ಮಾಡಿದ್ದೇ ಎಲ್ಲಾ. ಅದರಲ್ಲಿ ಸುಳ್ಳಿಲ್ಲ” ಎಂದಳು ಅಮ್ಮ.

“ನೋಡಿದ್ಯಾ ನೀನು?”

“ನೋಡಿದ್ದೆ.”

“ನೋಡಿದ್ಯಾ. ನೋಡಿ, ನನಗೆ ಹೇಳದೆ, ಪೇಪರಿಗೆ ಹೇಳಿದ್ಯಾ?”

ನೋಡಲಿಲ್ಲ ಎಂದಿದ್ದರೆ ಕೆಲಸದ ದಣಿವಿನ ಮೇಲೆ ಹಾಕಬಹುದಿತ್ತು. ಮಗಳ ಮುಖ ಕೆಂಪಗಾಯಿತು. ಹಾಳೆ ಚೂರಾಯಿತು, ಮೂಲೆಯ ಆಟಿಕೆಗಳ ಬುಟ್ಟಿ ಗೋಡೆಗೆ ಹೋಗಿ ಬಡಿಯಿತು, ಬಾಗಿಲ ಹೊರಗೆ ಕಾಯುತ್ತಿದ್ದವರು ಇಣುಕಿದರು. “ಸುಳ್ಳಿ, ಸುಳ್ಳಿ” ಎಂದು ಮಗಳು ಕಿರುಚಿ, ಹೊಲಿಗೆ ಹಾಕಿದ ತೋಳನ್ನೇ ಬಾಯಿಗೆ ಒಯ್ದಳು.

ಅಮ್ಮ ನೆಲದ ಮೇಲೆ ಕೂತಳು. ಇಣುಕುವವರು ಕಾಣುತ್ತಿದ್ದರು. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲವಾದ್ದರಿಂದಲೋ ಏನೋ, ಬಾಯಿ ತೆರೆಯಿತು.

“ನನ್ನ ಮೇಲೆ ಸಿಟ್ಟು ಬಂದಿದೆ ನಿನಗೆ. ಮೈಯೆಲ್ಲಾ ಉರೀತಾ ಇದೆ. ನಾನು ಮಾಡಿದ್ದಕ್ಕೆ ಬರಬೇಕಾದ ಸಿಟ್ಟೇ ಅದು.”

ಪವಾಡವೇನೂ ಆಗಲಿಲ್ಲ. ಮಗಳು ಇಪ್ಪತ್ತು ನಿಮಿಷ ಅತ್ತಳು, ಒದ್ದಳು. ಆದರೆ ತೋಳನ್ನು ಕಚ್ಚಿಕೊಳ್ಳಲಿಲ್ಲ. ಅಮ್ಮನ ಚೀಲವನ್ನು ಕಚ್ಚಿದಳು.

ಅಳು ನಿಂತ ಮೇಲೆ ಮೇಡಂ ವಾರ್ಡಿನ ಪತ್ರವನ್ನು ವಾಪಸು ತೆಗೆದುಕೊಂಡು ಡ್ರಾಯರಿನಲ್ಲಿಟ್ಟರು. ಹರಿಯಲಿಲ್ಲ. “ಇನ್ನು ನಾಲ್ಕು ವಾರ ನೋಡ್ತೀನಿ. ಆಗಲೂ ಬೇಕು ಅನ್ನಿಸಿದ್ರೆ ಕಳಿಸ್ತೀನಿ. ಅದು ನಿಮಗೆ ಶಿಕ್ಷೆ ಅಲ್ಲ, ಅವಳ ಒಳ್ಳೇದಕ್ಕೆ.” ಎಂದು ಹೊಸ ಹಾಳೆ ಎತ್ತಿ ಅಮ್ಮನಿಗೆ ಚಾಚಿದರು.

ನಡುವೆ ಮಗಳು ಕೈ ಹಾಕಿದಳು. “ಅಮ್ಮನ ಹಾಳೆ ನನಗೆ ಕೊಡಿ. ನಾನು ಬರೀತೀನಿ. ಹೇಳಿದ್ರೆ ಮಾತ್ರ.”

ಮೇಡಂ ಅಮ್ಮನ ಕಡೆ ನೋಡಿದರು. ಅವಳು, “ಕೊಡಿ ಮೇಡಂ” ಎಂದಳು.

ಆ ವಾರದಷ್ಟು ಉದ್ದದ ವಾರ ಅವಳು ಕಂಡಿರಲಿಲ್ಲ. ಹಾಳೆ ಅಡುಗೆಮನೆಯ ಗೋಡೆಗೆ ಅಂಟಿತ್ತು, ಬಂದವರಿಗೆಲ್ಲ ಕಾಣುವಂತೆ. ನೀರು ಕೇಳಲು ಬಂದ ಪಕ್ಕದ ಮನೆಯಾಕೆ ಅದನ್ನು ಪೂರ್ತಿ ಓದಿಕೊಂಡೇ ಹೋದಳು. ಮಗಳು ಬೆಳಿಗ್ಗೆ ಸಂಜೆ ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು. ಕಾಯುವವರ ಮುಂದೆ ಮಾತಾಡುವುದು ಇನ್ನೂ ಕಷ್ಟ. ಒಂದು ಸಲ ಅವಳು, “ನೀನು ಇವತ್ತು…” ಎಂದು ಶುರುಮಾಡಿ, ಮಗಳ ಎತ್ತಿದ ಹುಬ್ಬು ನೋಡಿ ಕೆಮ್ಮಿ ಒಲೆಯ ಕಡೆ ತಿರುಗಿದಳು.

ಗುರುವಾರ ಮೇಡಂ ಹಾಳೆಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು.

“ಶುಕ್ರವಾರ: ಅಮ್ಮ ಏನೂ ಹೇಳಲಿಲ್ಲ. ಶನಿವಾರ: ಹೇಳೋಕೆ ಬಂದು ಕೆಮ್ಮಿದಳು. ಭಾನುವಾರ: ನಾನು ಬಾಗಿಲು ಒದ್ದೆ. ಅಮ್ಮ ನನ್ನ ಹತ್ತಿರ ಕೂತಳು, ಬೇಜಾರಾಗಿದೆ ಅಂದಳು. ಸ್ವಲ್ಪ ನಾಟಕದ ಹಾಗಿತ್ತು. ಸೋಮವಾರ: ಏನೂ ಇಲ್ಲ. ಮಂಗಳವಾರ: ಒಂದು. ಬುಧವಾರ: ಅಮ್ಮ ಮೂರು ಸಲ ಹೇಳಿದಳು. ತುಂಬಾ ಚೆನ್ನಾಗಿ ಹೇಳಿದಳು.”

ಮೇಡಂ ಮುಖ ಅರಳಿತು. ಗಂಡ ಹೆಂಡತಿಯ ಕಡೆ ನೋಡಿ ಮೆಚ್ಚುಗೆಯಿಂದ ತಲೆದೂಗಿದ. ಮಗಳು ತನ್ನ ಚಪ್ಪಲಿಯ ಪಟ್ಟಿಯನ್ನು ಬಿಚ್ಚಿ ಕಟ್ಟುತ್ತಿದ್ದಳು.

“ಬುಧವಾರ ಒಂದೇ ಸಲ” ಎಂದಳು ಅಮ್ಮ. “ಅದೂ ಅರ್ಧ. ಪಾತ್ರೆ ತೊಳೀತಾ ಬೆನ್ನು ತಿರುಗಿಸಿಕೊಂಡು ಹೇಳಿದ್ದು.”

“ಮೂರು” ಎಂದಳು ಮಗಳು, ತಲೆಯೆತ್ತದೆ.

“ಅಲ್ಲ ಕಣಮ್ಮ. ಒಂದು.”

“ಒಂದು ಅಂತ ಬರೆದ್ರೆ ಎಲ್ಲರ ಎದುರು ಮತ್ತೆ ಅವತ್ತಿನ ಹಾಗೇ ಬೈಸಿಕೊಳ್ತೀಯ ನೀನು.”

“ಬೈಸಿಕೊಳ್ತೀನಿ. ಅದು ನನ್ನ ಪಾಲಿನದು. ನೀನು ಹೊರಬೇಡ.”

ಯಾರೂ ಬೈಯಲಿಲ್ಲ. ಅಮ್ಮನ ಮುಖ ಮತ್ತೆ ಬಿಸಿಯಾಯಿತು, ಆದರೆ ಈ ಸಲ ಅವಳು ಮೇಜಿನ ಕಾಲು ನೋಡಲಿಲ್ಲ. ಮಗಳು ಎದ್ದು ಬಂದು, ಮೇಡಂ ಕೈಯಿಂದ ಹಾಳೆ ತೆಗೆದುಕೊಂಡು, ‘ಮೂರು’ ಎಂಬುದನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಅಳಿಸಿದಳು. ಕಾಗದ ತೆಳುವಾಗಿ ಹರಿಯುವ ಹಾಗಾಯಿತು. ಅದರ ಮೇಲೆ ‘ಒಂದು’ ಎಂದು ಬರೆದಳು. ‘ತುಂಬಾ ಚೆನ್ನಾಗಿ’ ಎಂಬುದನ್ನೂ ಅಳಿಸಲು ಹೊರಟು, ಸ್ವಲ್ಪ ಯೋಚಿಸಿ, ‘ತುಂಬಾ’ ಮಾತ್ರ ಅಳಿಸಿದಳು.